ಏಳನೇ ಬಂಡಿಯ ಕರೆಂಟು

ಕೆಂಪುಕಲ್ಲುಗುಡ್ಡದ ಗಣಿಯಲ್ಲಿ ಡಂಪರ್‌ಗಳಿಗೆ ಡೀಸೆಲ್ ಹಾಕುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಕರೆಂಟನ್ನೂ ಯಾರೂ ಹಾಕುತ್ತಿರಲಿಲ್ಲ. ಹೊಸದಾಗಿ ಬಂದವರಿಗೆ ಇದನ್ನು ನಂಬಿಸುವುದೇ ಕಷ್ಟವಾಗುತ್ತಿತ್ತು. ಅದಿರು ಇದ್ದದ್ದು ಸಂಡೂರು ಬೆಟ್ಟಸಾಲಿನ ನೆತ್ತಿಯ ಮೇಲೆ; ಅದನ್ನು ಪುಡಿಮಾಡುವ ಕ್ರಷರ್ ಇದ್ದದ್ದು ಬುಡದಲ್ಲಿ. ನೂರು ಟನ್ ಹೊತ್ತು ಇಳಿಯುವ ಬಂಡಿಯನ್ನು ಬ್ರೇಕು ತಡೆಯುತ್ತಿರಲಿಲ್ಲ, ಚಕ್ರದ ಮೋಟಾರುಗಳೇ ತಡೆಯುತ್ತಿದ್ದವು. ಹಾಗೆ ತಡೆಯುವಾಗ ಅವು ಡೈನಮೋ ಆಗಿ ತಿರುಗಿ ಬ್ಯಾಟರಿ ತುಂಬುತ್ತಿದ್ದವು. ಖಾಲಿ ಬಂಡಿ ಮತ್ತೆ ಗುಡ್ಡ ಹತ್ತಲು ಅದರಲ್ಲಿ ಮುಕ್ಕಾಲು ಪಾಲು ಸಾಕು. ಮಿಕ್ಕಿದ್ದನ್ನು ಸಂಜೆ ಯಾರ್ಡಿನಲ್ಲಿ ಇಳಿಸಿಕೊಂಡು ಅದರಿಂದಲೇ ಕ್ರಷರ್ ಓಡಿಸುತ್ತಿದ್ದರು.

ಹೀಗೆ ದಿನಕ್ಕೆ ಹತ್ತು ಸಲ ತುಂಬಿ, ಹತ್ತು ಸಲ ಬರಿದಾದರೆ ಮಾಮೂಲಿ ಬ್ಯಾಟರಿ ಎರಡು ವರ್ಷ ಬಾಳುವುದೂ ಹೆಚ್ಚು. ಒಳಗೆ ಲೋಹ ಮುಳ್ಳು ಮುಳ್ಳಾಗಿ ಬೆಳೆಯುತ್ತದೆ. ಒಂದು ಮುಳ್ಳು ಈ ಬದಿಯಿಂದ ಆ ಬದಿಗೆ ಮುಟ್ಟಿತೆಂದರೆ ಬೆಂಕಿ. ಈ ಹೊಸ ಬ್ಯಾಟರಿ ಹೆಸರು ಮಾಡಿದ್ದು ಅಲ್ಲಿಯೇ. ಅದರೊಳಗೆ ದ್ರವವಿರಲಿಲ್ಲ, ಗಂಧಕ ಬೆರೆತ ಗಟ್ಟಿ ಹಾಳೆಗಳಿದ್ದವು. ಬಂಡಿ ನಿಂತಾಗಲೆಲ್ಲ ಬ್ಯಾಟರಿ ತನ್ನದೇ ಕರೆಂಟಿನಲ್ಲಿ ಚೂರು ತೆಗೆದು, ಹಿಂದಕ್ಕೂ ಮುಂದಕ್ಕೂ ಹರಿಸಿ, ಆ ಮುಳ್ಳುಗಳನ್ನು ಕರಗಿಸಿಕೊಳ್ಳುತ್ತಿತ್ತು. ತನ್ನ ರಿಪೇರಿ ತಾನೇ ಮಾಡಿಕೊಳ್ಳುವ ಬ್ಯಾಟರಿ. ಅದಕ್ಕೆ ದಿನಕ್ಕೆ ಒಂದು ಯೂನಿಟ್ ಸಾಕು ಎಂದು ತಯಾರಿಸಿದ ಕಂಪನಿ ಬರೆದುಕೊಟ್ಟಿತ್ತು.

ಬ್ಯಾಟರಿ ಯಾರ್ಡಿನ ಉಸ್ತುವಾರಿ ಹುಲಿಗೆಮ್ಮನದು. ಹೊಸಪೇಟೆಯಲ್ಲಿ ಡಿಪ್ಲೊಮಾ ಓದಿ ಬಂದವಳು. ಓದಿಸಿದವನು ಅಣ್ಣ ದುರುಗಪ್ಪ. ಅವ್ವ ಅಪ್ಪ ಹೋದಾಗ ಅವಳಿಗೆ ಒಂಬತ್ತು ವರ್ಷ, ಅವನಿಗೆ ಇಪ್ಪತ್ಮೂರು. ಡೀಸೆಲ್ ಡಂಪರ್ ಓಡಿಸಿ ತಂಗಿಯನ್ನು ಸಾಕಿದ್ದ; ಈಗ ಅವನು ಅದೇ ಗಣಿಯಲ್ಲಿ ಏಳನೇ ನಂಬರಿನ ಬ್ಯಾಟರಿ ಬಂಡಿ ಓಡಿಸುತ್ತಿದ್ದ. ಇಬ್ಬರೂ, ಅತ್ತಿಗೆ ತಿಪ್ಪಮ್ಮನೂ ಕ್ವಾರ್ಟರ್ಸಿನ ಒಂದೇ ಮನೆಯಲ್ಲಿದ್ದರು. ಬೆಳಿಗ್ಗೆ ಹನ್ನೆರಡು ಬಂಡಿಗಳ ಬ್ಯಾಟರಿ ನೋಡಿ 'ಸುಸ್ಥಿತಿಯಲ್ಲಿದೆ' ಎಂದು ಹುಲಿಗೆಮ್ಮ ಸಹಿ ಹಾಕಿದ ಮೇಲೆಯೇ ಗೇಟು ತೆರೆಯುತ್ತಿತ್ತು.

ಆಷಾಢದ ಒಂದು ಬುಧವಾರ ಕಂಟ್ರೋಲ್ ರೂಮಿನ ಮುಖ್ಯಸ್ಥ ವಸಂತಕುಮಾರ ಹೆಬಸೂರ ಅವಳನ್ನು ಕರೆಸಿದರು. ಧಾರವಾಡದ ಕಡೆಯವರು, ಮಾತು ಮೆಲ್ಲಗೆ. ಬಾಗಿಲು ಮುಂದೆ ಮಾಡಿ, ಗೋಡೆಯ ಪರದೆಯ ಮೇಲೆ ಗುಡ್ಡದ ನಕ್ಷೆ ತೆರೆದರು.

"ಏಳನೇ ಬಂಡಿ ಒಳಗ ದಿನಾ ನಲವತ್ತು ಯೂನಿಟ್ ಕಡಿಮಿ ಬೀಳಾಕತ್ತೈತಿ, ಹುಲಿಗೆಮ್ಮ. ಮೂರು ವಾರಾತು."

"ಮೀಟರ್ ತಪ್ಪಿರಬೇಕು, ಸರ್."

"ಮೀಟರ್ ಬದಲಿ ಮಾಡಿ ಆತು. ಇಲ್ಲಿ ನೋಡ್ರಿ." ಇಳಿಜಾರಿನ ನಡುವಿನ ತಿರುವಿನಲ್ಲಿ ಒಂದು ಕೆಂಪು ಚುಕ್ಕೆಗೆ ಬೆರಳಿಟ್ಟರು. "ಪ್ರತಿ ಟ್ರಿಪ್ಪಿಗೂ ಇಲ್ಲಿ ಏಳು ನಿಮಿಷ ಬಂಡಿ ನಿಲ್ಲತೈತಿ. ನಿಂತಾಗ ಮಾತ್ರ ಕರೆಂಟು ಇಳೀತೈತಿ. ಓಡುವಾಗ ಇಲ್ಲ."

ಆ ತಿರುವಿನ ಕೆಳಗೆ ನೂರು ಗಜದಲ್ಲಿ ಒಂದು ಖಾಸಗಿ ಕಲ್ಲು ಕ್ವಾರಿಯಿತ್ತು. ಜಲ್ಲಿ ಒಡೆಯುವ ಯಂತ್ರಕ್ಕೆ ಅವರಿಗೆ ಕರೆಂಟು ಯಾವಾಗಲೂ ಸಾಲದು. ಹೆಬಸೂರರು ಅದನ್ನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ನಿಮ್ಮಣ್ಣಾರು ಇಪ್ಪತ್ತೈದು ವರ್ಷದ ಸರ್ವಿಸ್ ಮಾಡ್ಯಾರ. ಪೊಲೀಸರ ತನಕ ಹೋಗೂದು ನನಗ ಬ್ಯಾಡ. ಮನ್ಯಾಗಿನ ಮಾತು ನೀವೇ ತಿಳಕೊಂಡು ಹೇಳಿದ್ರ ಛಲೋ."

ಹುಲಿಗೆಮ್ಮ ಹೊರಗೆ ಬಂದಳು. ಅಣ್ಣ ಕಳ್ಳನಲ್ಲ ಎಂದು ಅವರ ಮುಖಕ್ಕೆ ಹೇಳಬೇಕಿತ್ತು ಎನ್ನುವುದು ಮೆಟ್ಟಿಲಿಳಿದ ಮೇಲೆ ಹೊಳೆಯಿತು. ಆಗ ಯಾಕೆ ಹೊಳೆಯಲಿಲ್ಲ ಎಂಬುದು ಅವಳನ್ನು ಕುಟುಕಿತು.

ಅಂದು ಸಂಜೆ ದುರುಗಪ್ಪ ಊಟಕ್ಕೆ ಕೂತವನು ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಇತ್ತೀಚೆಗೆ ಅವನು ತಂಗಿಯ ಮುಖ ನೋಡಿ ಮಾತಾಡುವುದೇ ಕಡಿಮೆಯಾಗಿತ್ತು. ಅವಳು ಅದನ್ನು ಆಯಾಸ ಎಂದುಕೊಂಡಿದ್ದಳು. ಈಗ ಹಾಗೆ ಕಾಣಲಿಲ್ಲ.

"ಹುಲಿಗಿ," ಎಂದ ಇದ್ದಕ್ಕಿದ್ದಂತೆ. "ನಮ್ಮ ಏಳನೇ ಬಂಡಿ ಬ್ಯಾಟರಿ ಹೆಂಗೈತೆ?"

ಯಾಕೆ ಕೇಳುತ್ತಾನೆ? ಸಿಕ್ಕಿಬಿದ್ದೆನೇನೋ ಎಂದು ತಡಕಿ ನೋಡುತ್ತಿದ್ದಾನೆಯೇ? ಹುಲಿಗೆಮ್ಮ ಪಲ್ಯ ಬಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. "ನೂರಕ್ಕ ತೊಂಬತ್ತಾರು ತೋರಸ್ತೈತೆ. ಯಾಕಣ್ಣಾ?"

"ತೊಂಬತ್ತಾರು?"

"ಹೂಂ."

"ನೀನೇ ನೋಡ್ತೀಯಾ ಬೆಳಿಗ್ಗಿ? ನಿನ್ನ ಕಣ್ಣಾರೆ?"

"ನಾನೇ ನೋಡ್ತೀನಿ. ನಾನೇ ಸಹಿ ಹಾಕ್ತೀನಿ."

ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದುಕೊಂಡ. ತಿಪ್ಪಮ್ಮ ಗಂಡನನ್ನೂ ನಾದಿನಿಯನ್ನೂ ನೋಡಿದಳು. ಇಬ್ಬರೂ ಅವಳ ಕಡೆ ನೋಡಲಿಲ್ಲ.

ಮರುದಿನ ಹುಲಿಗೆಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದಳು. ತಿಪ್ಪಮ್ಮ ಸೊಸೈಟಿ ಅಂಗಡಿಗೆ ಹೋಗಿದ್ದಳು. ಹುಲಿಗೆಮ್ಮ ಅಣ್ಣನ ಕೋಣೆಗೆ ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದಳು. ಬಂಡಿಯಿಂದ ಕರೆಂಟು ತೆಗೆಯಲು ತೋಳಿನಷ್ಟು ದಪ್ಪದ ಕೇಬಲ್ ಬೇಕು, ಅದರ ತುದಿಗೆ ಹಿತ್ತಾಳೆಯ ಕೊಂಡಿ ಬೇಕು. ಟ್ರಂಕಿನಲ್ಲಿ ಅದಿರಲಿಲ್ಲ. ಅಟ್ಟದ ಮೇಲೂ ಇರಲಿಲ್ಲ. ಬಾಗಿಲ ಹಿಂದೆ ಗೂಟಕ್ಕೆ ಅವನ ನೀಲಿ ಡ್ಯೂಟಿ ಅಂಗಿ ನೇತಾಡುತ್ತಿತ್ತು. ಜೇಬು ತಡಕಲು ಹತ್ತಿರ ಹೋದವಳ ಮೂಗಿಗೆ ಕೊಳೆತ ಮೊಟ್ಟೆಯಂಥ ಘಾಟು ಬಡಿಯಿತು.

ಗಂಧಕ. ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಬರುವ ವಾಸನೆ. ಹುಲಿಗೆಮ್ಮ ಅಂಗಿ ಹಿಡಿದುಕೊಂಡೇ ಮಂಚದ ಅಂಚಿಗೆ ಕೂತಳು. ಹಾಗಾದರೆ ಇವನು ಕ್ವಾರಿಗೆ ಹೋಗುವುದು ನಿಜ.

ತಲೆ ಎತ್ತಿದರೆ ಬಾಗಿಲಲ್ಲಿ ತಿಪ್ಪಮ್ಮ ನಿಂತಿದ್ದಳು, ಕೈಯಲ್ಲಿ ಎಣ್ಣೆಯ ಡಬ್ಬಿ.

"ಏನು ಹುಡುಕ್ತಿದ್ದಿ ಹುಲಿಗೆಮ್ಮ?"

"ಏನಿಲ್ಲ ಅತ್ತಿಗಿ. ಅಂಗಿ ವಾಸನಿ ಬರ್ತಿತ್ತು, ಒಗ್ಯಾಕ ಹಾಕೋಣ ಅಂತ."

ತಿಪ್ಪಮ್ಮ ಎಳೆದು ಬಿಟ್ಟಿದ್ದ ಟ್ರಂಕಿನ ಕಡೆ ನೋಡಿದಳು. "ಅಂಗಿ ಗೂಟದಾಗ ಇತ್ತಲ್ಲ," ಎಂದಷ್ಟೇ ಹೇಳಿ ಅಡುಗೆ ಮನೆಗೆ ಹೋದಳು.

ಶನಿವಾರ ಹೆಬಸೂರರು ಕಾಯುವುದನ್ನು ಬಿಟ್ಟರು. ದುರುಗಪ್ಪನನ್ನು ಬಂಡಿಯಿಂದ ಇಳಿಸಿ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಳಿಸಿದರು. ಸೋಮವಾರದಿಂದ ಏಳನೇ ಬಂಡಿಗೆ ಮೌಲಾಲಿ. ಆ ತಿರುವಿನಲ್ಲಿ ಒಂದು ನಿಮಿಷವೂ ನಿಲ್ಲಿಸಕೂಡದು ಎಂದು ಅವನಿಗೆ ತಾಕೀತು ಮಾಡಿದ್ದರು. ಮೌಲಾಲಿಗೆ ಡಂಪರ್ ಕಲಿಸಿದವನೂ ದುರುಗಪ್ಪನೇ.

"ಯಾಕ ನಿಲ್ಲಸ್ತಿದ್ರಿ ಅಂತ ಕೇಳಿದೆ," ಎಂದರು ಹೆಬಸೂರರು ಹುಲಿಗೆಮ್ಮನಿಗೆ. "'ಬಂಡಿಗೆ ಉಸಿರು ಬೇಕು, ಸಾಹೇಬ್ರ, ಉಸಿರು ಹಿಡಿಯಾಕತ್ತೈತಿ' ಅಂದ್ರು. ಡೀಸೆಲ್ ಕಾಲದ ಮಂದಿ ನೋಡ್ರಿ. ಎಂಜಿನ್ ಕಾದ್ರ ನಿಲ್ಲಸ್ತಿದ್ರು. ಇದಕ್ಕೆಲ್ಲಿ ಉಸಿರು?"

ರೂಮಿನಲ್ಲಿದ್ದ ಇಬ್ಬರು ನಕ್ಕರು. ಹುಲಿಗೆಮ್ಮನಿಗೆ ನಗು ಬರಲಿಲ್ಲ. ಅಣ್ಣ ಸುಳ್ಳು ಹೇಳುವುದಾದರೆ ಇದಕ್ಕಿಂತ ಚೆನ್ನಾದ ಸುಳ್ಳು ಹೇಳುತ್ತಿದ್ದ. ಟೈರು ಅನ್ನುತ್ತಿದ್ದ, ಹೊಟ್ಟೆನೋವು ಅನ್ನುತ್ತಿದ್ದ. ಮನೆಗೆ ನಡೆಯುತ್ತ ಆ ಅಂಗಿಯ ಘಾಟು ನೆನಪಾಯಿತು. ಕ್ವಾರಿಯಲ್ಲಿ ಮದ್ದು ಸಿಡಿಸುವುದು ವಾರಕ್ಕೆ ಒಂದು ದಿನ, ಶುಕ್ರವಾರ. ತಾನು ಅಂಗಿ ಹಿಡಿದದ್ದು ಗುರುವಾರ. ಈ ಬೆಟ್ಟದಲ್ಲಿ ಗಂಧಕ ಇನ್ನೆಲ್ಲಿದೆ? ತನ್ನದೇ ಯಾರ್ಡಿನಲ್ಲಿ, ಹನ್ನೆರಡು ಬಂಡಿಗಳ ಹೊಟ್ಟೆಯಲ್ಲಿ. ಅದು ಮೊಹರು ಮಾಡಿದ ಪೆಟ್ಟಿಗೆ, ಆರು ವರ್ಷದಲ್ಲಿ ಒಮ್ಮೆಯೂ ವಾಸನೆ ಬಂದಿರಲಿಲ್ಲ. ಪೆಟ್ಟಿಗೆ ಎಲ್ಲಾದರೂ ಬಿರಿದು ತೇವದ ಗಾಳಿ ಒಳಹೊಕ್ಕರೆ ಮಾತ್ರ ಬರುತ್ತದೆ.

ಭಾನುವಾರ ಗಣಿಗೆ ರಜೆ. ಬೆಳಿಗ್ಗೆ ಎಂಟಕ್ಕೆ ಅವಳೊಬ್ಬಳೇ ಯಾರ್ಡಿಗೆ ಹೋದಳು. ಏಳನೇ ಬಂಡಿಯನ್ನು ಷೆಡ್ಡಿನ ನಡುವಿಗೆ ತಂದು ನಿಲ್ಲಿಸಿ, ಸುರಕ್ಷತೆಯ ಪ್ಲಗ್ಗನ್ನು ಎರಡು ಕೈಯಿಂದ ಎಳೆದು ಕಿತ್ತಳು. ಈಗ ಬ್ಯಾಟರಿಗೂ ಮೋಟಾರಿಗೂ, ಬ್ಯಾಟರಿಗೂ ಹೊರಜಗತ್ತಿಗೂ ಸಂಬಂಧವಿರಲಿಲ್ಲ. ಪ್ಲಗ್ಗನ್ನು ತನ್ನ ಚೀಲದಲ್ಲಿ ಹಾಕಿಕೊಂಡು, ಪರದೆಯ ಮೇಲಿನ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು, ಬಂಡಿಯ ಎದುರು ಕುರ್ಚಿ ಹಾಕಿ ಕೂತಳು.

ಹತ್ತು ಗಂಟೆಗೆ ಅಂಕಿ ಹನ್ನೊಂದು ಯೂನಿಟ್ ಇಳಿದಿತ್ತು. ಅವಳು ಎದ್ದು ಬಂಡಿಯ ಸುತ್ತ ಒಂದು ಸುತ್ತು ಹಾಕಿ, ಕೆಳಗೆ ಬಗ್ಗಿ, ಒಂದು ತಂತಿಯೂ ಇಲ್ಲ ಎಂದು ನೋಡಿದಳು. ಹನ್ನೆರಡಕ್ಕೆ ಇಪ್ಪತ್ತು. ಷೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಊಟದ ಡಬ್ಬಿ ಬಿಚ್ಚದೆ ಕೂತಳು. ನಾಲ್ಕು ಗಂಟೆಗೆ ಮೂವತ್ತೆಂಟು.

ಕದಿಯಲು ಯಾರೂ ಇರಲಿಲ್ಲ. ಕದಿಯಲು ದಾರಿಯೂ ಇರಲಿಲ್ಲ. ಆದರೂ ಪರದೆ, 'ಹೊರಗೆ ಹೋದದ್ದು: ಮೂವತ್ತೆಂಟು ಯೂನಿಟ್' ಎಂದೇ ಹೇಳುತ್ತಿತ್ತು.

ಅವಳು ಪೆಟ್ಟಿಗೆಯ ಪಕ್ಕದ ತಗಡಿಗೆ ಅಂಗೈ ಇಟ್ಟು ನಿಧಾನವಾಗಿ ಸರಿಸಿಕೊಂಡು ಹೋದಳು. ಎಲ್ಲ ಕಡೆ ತಣ್ಣಗಿತ್ತು. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಕೈ ಇಡಲಾಗಲಿಲ್ಲ. ಮೂಗು ಹತ್ತಿರ ತಂದಳು: ಅದೇ ಘಾಟು. ಕಿವಿಯಿಟ್ಟಳು: ದೂರದಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿರುವ ಹಾಗೆ ಸಣ್ಣ ಗುಂಯ್ ಸದ್ದು.

ಅವಳಿಗೆ ಎಲ್ಲ ಅರ್ಥವಾಯಿತು. ಕರೆಂಟು ಎಲ್ಲಿಗೂ ಹೋಗುತ್ತಿರಲಿಲ್ಲ. ಬ್ಯಾಟರಿಯೇ ಅದನ್ನು ರಿಪೇರಿಗೆ ತಿನ್ನುತ್ತಿತ್ತು. ದಿನಕ್ಕೆ ಒಂದು ಯೂನಿಟ್ ಸಾಕಿದ್ದ ರಿಪೇರಿ ಈಗ ನಲವತ್ತು ತಿನ್ನುತ್ತಿದೆ ಎಂದರೆ ಒಳಗೆ ಮುಳ್ಳು ಎಷ್ಟು ಬೆಳೆಯುತ್ತಿರಬೇಕು. ರಿಪೇರಿಯ ಕರೆಂಟೂ ಮೋಟಾರಿನ ಕರೆಂಟೂ ಒಂದೇ ಮೀಟರಿನ ಮೂಲಕ ಹಾದುಹೋಗುತ್ತಿದ್ದವು. ಮೀಟರಿನ ಪ್ರೋಗ್ರಾಂ ಬರೆದವರು ಎರಡನ್ನೂ 'ಹೊರಗೆ ಹೋದದ್ದು' ಎಂದೇ ಬರೆದಿದ್ದರು. ಹಾಗಾಗಿ ಬ್ಯಾಟರಿ ಸಾಯುತ್ತಿದ್ದರೂ ಆರೋಗ್ಯ ತೊಂಬತ್ತಾರು, ಮತ್ತು ಓಡಿಸುವವನು ಕಳ್ಳ. ರಿಪೇರಿ ನಡೆಯುವುದು ಬಂಡಿ ನಿಂತಾಗ ಮಾತ್ರ. ಅಣ್ಣ ದಿನಕ್ಕೆ ಹತ್ತು ಸಲ ನಿಲ್ಲಿಸಿದ್ದರಿಂದಲೇ ಅದು ಇಷ್ಟು ದಿನ ತಾಳಿತ್ತು. ಈ ಬಿಸಿ ನೋಡಿದರೆ ಈಗ ನಿಲ್ಲಿಸಿದರೂ ಹೆಚ್ಚು ದಿನ ತಾಳುವಂತಿರಲಿಲ್ಲ. ನಾಳೆಯಿಂದ ಮೌಲಾಲಿ ನಿಲ್ಲಿಸುವುದಿಲ್ಲ.

ಮನೆಗೆ ಬಂದಾಗ ದುರುಗಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಉಗುರು ತೆಗೆದುಕೊಳ್ಳುತ್ತಿದ್ದ. ಹುಲಿಗೆಮ್ಮ ನಿಂತೇ ಕೇಳಿದಳು.

"ಅಣ್ಣಾ, ಬಂಡಿ ಯಾಕ ನಿಲ್ಲಸ್ತಿದ್ದಿ? ನನಗ ಹೇಳು."

"ಹೇಳೀನಲ್ಲ ಸಾಹೇಬ್ರಿಗೆ."

"ನನಗ ಹೇಳು."

ಅವನು ಬ್ಲೇಡು ಕೆಳಗಿಟ್ಟ. "ತುಂಬಿದ ಬಂಡಿ ಅರ್ಧ ಗುಡ್ಡ ಇಳಿಯೋದ್ರೊಳಗ ಕಾಲ್ಕೆಳಗ ಗುಂಯ್ ಅಂತೈತೆ. ಕೊಳೆತ ಮೊಟ್ಟಿ ವಾಸನಿ ಬರ್ತೈತೆ. ಏಳೆಂಟು ನಿಮಿಷ ನಿಲ್ಲಿಸಿದ್ರ ಸುಮ್ಮನಾಗ್ತೈತೆ. ಅಷ್ಟs."

"ಮತ್ತ ನನಗ್ಯಾಕ ಹೇಳಲಿಲ್ಲ? ಒಂದೇ ಮನಿಯಾಗ ಇದ್ದು?"

ಒಳಗೆ ತಿಪ್ಪಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಿನಗ ಗೊತ್ತೈತೆ ಅಂದ್ಕೊಂಡಿದ್ದೆ," ಎಂದ ದುರುಗಪ್ಪ. "ದಿನಾ ಮುಂಜಾನೆ ನೀನೇ ಸಹಿ ಹಾಕಿ ಕಳಿಸ್ತಿ. ಓದಿದಾಕಿ. ಗೊತ್ತಿದ್ದೂ ನೌಕರಿ ಸಲುವಾಗಿ ಸುಮ್ಮನದಾಳ ಅಂದ್ಕೊಂಡೆ. ಅದಕ್ಕs ಮೊನ್ನೆ ಊಟಕ್ಕ ಕೂತಾಗ ಕೇಳಿದೆ. ನೀ ತೊಂಬತ್ತಾರು ಅಂದಿ, ನನ್ನ ಮುಖಾನೂ ನೋಡಲಿಲ್ಲ."

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತಳು.

"ಅಂದ್ರ ನಾನು ಗೊತ್ತಿದ್ದೂ ನಿನ್ನ ಅದರಾಗ ಕಳಿಸ್ತಿದ್ದೆ ಅಂತ..."

"ಹಂಗ ಅನ್ಕೊಂಡs ದಿನಾ ಹತ್ತುತಿದ್ದೆ."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹನ್ನೊಂದು ಬಂಡಿಗಳಿಗೆ ಸಹಿ ಹಾಕಿ ಏಳನೆಯದಕ್ಕೆ ಹಾಕಲಿಲ್ಲ. ಹೆಬಸೂರರು ಕಂಟ್ರೋಲ್ ರೂಮಿನಲ್ಲಿ ಅವಳ ಮಾತನ್ನು ಪೂರ್ತಿ ಕೇಳಿದರು.

"ನಿನ್ನೆ ಪರೀಕ್ಷೆ ಮಾಡುವಾಗ ನಿಮ್ಮ ಜೋಡಿ ಯಾರಿದ್ರು?"

"ನಾನೊಬ್ಬಳೇ ಇದ್ದೆ, ಸರ್."

"ಷೆಡ್ಡಿನ ಬಾಗಲಾ?"

"ಒಳಗಿಂದ ಹಾಕ್ಕೊಂಡಿದ್ದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಜಾಗದಾಗ ನೀವು ಕೂತು ಯೋಚನೆ ಮಾಡ್ರಿ. ಅಣ್ಣನ ಮ್ಯಾಲೆ ಆರೋಪ ಐತಿ. ಮರುದಿನ ತಂಗಿ ಒಬ್ಬಾಕಿನೇ ಬಾಗಲಾ ಹಾಕ್ಕೊಂಡು, ವಿಚಾರಣಿ ಒಳಗಿನ ಬಂಡಿ ಪ್ಲಗ್ ಕಿತ್ತು, ಕರೆಂಟ್ ತಾನs ಹೋಗತೈತಿ ಅಂತ ಬಂದು ಹೇಳ್ತಾಳ. ನಂಬ್ತೀರೇನು? ಬ್ಯಾಟರಿ ಕಂಪನಿ ಎಂಜಿನಿಯರು ಗುರುವಾರ ಬರ್ತಾರ. ಅವರು ನೋಡ್ಲಿ."

"ಅಲ್ಲಿ ತನಕ ಬಂಡಿ ನಿಲ್ಲಸ್ರಿ, ಸರ್."

"ಆ ಬಂಡಿಗೆ ಇನ್ನು ನಿಮ್ಮ ಸಹಿ ಬೇಕಾಗಿಲ್ಲ. ಬ್ಯಾರೆ ಪ್ಲಗ್ ಹಾಕಿಸಿ, ಸಹಿ ನಾನs ಮಾಡಿ ಆಗಲೇ ಬಿಟ್ಟೀನಿ."

ಅವಳು ಪರದೆಯ ಕಡೆ ತಿರುಗಿದಳು. ಏಳನೇ ಬಂಡಿ ಗುಡ್ಡದ ತುದಿಯಲ್ಲಿ ಅದಿರು ತುಂಬಿಕೊಂಡು, ಆಗತಾನೇ ಇಳಿಜಾರಿಗೆ ಮುಖ ಮಾಡಿತ್ತು. ಚುಕ್ಕೆ ಸರಿಯತೊಡಗಿತು. ಬ್ಯಾಟರಿಗೆ ಕರೆಂಟು ನುಗ್ಗುವ ಅಂಕಿ ಮೇಲೇರತೊಡಗಿತು.

ಹುಲಿಗೆಮ್ಮ ಅಪ್ಪಣೆ ಕೇಳಲಿಲ್ಲ, ಕೇಳಿದರೆ ಕೊಡುತ್ತಿರಲಿಲ್ಲ. ಮೇಜಿನ ಮೇಲಿದ್ದ ವೈರ್‌ಲೆಸ್ಸಿನ ಮೈಕು ಎತ್ತಿಕೊಂಡಳು.

"ಮೌಲಾಲಿ, ನಾನು ಹುಲಿಗೆಮ್ಮ. ಬಂಡಿ ನಿಲ್ಲಿಸಪ್ಪಾ."

ಗರಗರ ಸದ್ದಿನ ನಡುವೆ ಅವನ ದನಿ ಬಂತು. "ಯಾಕಕ್ಕಾ? ಸಾಹೇಬ್ರು ನಿಲ್ಲಿಸಬ್ಯಾಡ ಅಂದಾರಲ್ಲ."

"ಹುಲಿಗೆಮ್ಮ, ಅದನ್ನ ಕೆಳಗಿಡ್ರಿ," ಎಂದು ಹೆಬಸೂರರು ಎದ್ದರು.

"ಬ್ಯಾಟರಿ ಕೆಟ್ಟೈತೆ, ಮೌಲಾಲಿ. ಕರೆಂಟಿನ ಬ್ರೇಕು ಬಿಟ್ಟು ಡ್ರಮ್ ಬ್ರೇಕು ಹಾಕು. ತಿರುವಿನ್ಯಾಗ ಮಣ್ಣಿನ ದಿಬ್ಬಕ್ಕ ಹತ್ತಿಸಿ ನಿಲ್ಲಿಸು."

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಣ್ಣನ ಜಾಗಕ್ಕ ನಾ ಬಂದೀನಂತ ನಿಮಗ ಸಿಟ್ಟಿರಬೌದು. ಮೊದಲನೇ ಟ್ರಿಪ್ಪಿಗೇ ನಿಲ್ಲಿಸಿದ್ರ ನನ್ನೂ ಕಳ್ಳ ಅಂತಾರ."

ಹೆಬಸೂರರ ಕೈ ಮೈಕಿನ ಮೇಲೆ ಬಂದಿತ್ತು. ಹುಲಿಗೆಮ್ಮ ಬಿಡಲಿಲ್ಲ. "ನನ್ನ ಮಾತು ನಂಬಬ್ಯಾಡ. ನಿನ್ನ ಮೂಗು ನಂಬು. ಏನು ವಾಸನಿ ಬರ್ತೈತೆ ಹೇಳು."

ಹೆಬಸೂರರು ಎಳೆಯುವುದನ್ನು ನಿಲ್ಲಿಸಿದರು. ರೂಮಿನಲ್ಲಿದ್ದವರೆಲ್ಲ ವೈರ್‌ಲೆಸ್ಸಿನ ಕಡೆ ನೋಡುತ್ತಿದ್ದರು.

"ಏನೋ ಐತಕ್ಕಾ," ಎಂದಿತು ದನಿ. "ಮೊಟ್ಟಿ ಕೊಳೆತಂಗ. ಕಾಲ್ಕೆಳಗ ಅದುರಾಕತ್ತೈತೆ."

"ಗುಂಯ್ ಅಂತೈತಾ?"

"ಹೂಂ ಅಕ್ಕಾ. ಜೋರೈತೆ."

"ನಿಲ್ಲಿಸು. ನಿಲ್ಲಿಸಿ ಇಳಿದು ಗುಡ್ಡದ ಮ್ಯಾಲಕ್ಕ ಓಡು. ಕೆಳಗ ಓಡಬ್ಯಾಡ, ಗಾಳಿ ಕೆಳಗಡಿ ಬೀಸಾಕತ್ತೈತೆ. ಬಂಡಿ ಕಡಿ ತಿರುಗಿ ನೋಡಬ್ಯಾಡ."

ಚುಕ್ಕೆ ನಿಧಾನವಾಯಿತು. ತಿರುವಿನ ಹತ್ತಿರ ಬಂದು, ರಸ್ತೆ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ತಿರುವಿನ ಕ್ಯಾಮೆರಾದಲ್ಲಿ, ಹಳದಿ ಹೆಲ್ಮೆಟ್ಟಿನ ಒಬ್ಬ ಮನುಷ್ಯ ಏಣಿಯಿಂದ ಅರ್ಧದಲ್ಲೇ ಧುಮುಕಿ ಗುಡ್ಡದ ಮೇಲಕ್ಕೆ ಓಡುವುದು ಕಂಡಿತು.

ಏನೂ ಆಗಲಿಲ್ಲ.

ಐದು ನಿಮಿಷ. ಹತ್ತು ನಿಮಿಷ. ಬಂಡಿ ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ಗುಡ್ಡದ ನೆತ್ತಿಯಲ್ಲೇ ಎಂಟನೆಯದು, ಒಂಬತ್ತನೆಯದು ಸಾಲಾಗಿ ನಿಂತವು. ಕ್ರಷರಿನಿಂದ ಅದಿರು ಯಾಕೆ ಬರಲಿಲ್ಲ ಎಂದು ಫೋನು ಬಂತು. ಹೆಬಸೂರರು ಮೈಕು ಕಿತ್ತುಕೊಂಡು, ಕಾವಲಿನವರನ್ನು ಕರೆಸಿ, ಇವರನ್ನು ಹೊರಗೆ ಕರೆದುಕೊಂಡು ಹೋಗಿ ಎಂದರು. ಹುಲಿಗೆಮ್ಮ ಪರದೆ ಬಿಟ್ಟು ಕದಲಲಿಲ್ಲ. ತಾನು ತಪ್ಪಿದ್ದರೆ ಒಳ್ಳೆಯದಿತ್ತು ಎಂದೂ ಒಂದು ಕ್ಷಣ ಅನ್ನಿಸಿತು. ಹದಿನೆಂಟನೇ ನಿಮಿಷಕ್ಕೆ ಕಾವಲಿನ ಹೆಂಗಸು ಅವಳ ತೋಳು ಹಿಡಿದಿದ್ದಳು. ಆಗ ರೂಮಿನಲ್ಲಿ ಯಾರೋ "ಅಯ್ಯೋ" ಎಂದರು.

ಬಂಡಿಯ ಹಿಂದಿನ ಎಡ ಮೂಲೆಯಿಂದ ಬಿಳಿ ಹೊಗೆಯ ಒಂದು ಎಳೆ ಎದ್ದಿತು. ಅದು ದಪ್ಪವಾಗುವುದರೊಳಗೆ ತಗಡು ಹೂವಿನ ಹಾಗೆ ಅರಳಿ ಹಾರಿತು. ಆಮೇಲೆ ಕ್ಯಾಮೆರಾದಲ್ಲಿ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ. ಸದ್ದು ಕಂಟ್ರೋಲ್ ರೂಮಿನ ಗಾಜನ್ನು ಅಲುಗಿಸಿದ್ದು ಅದಾದ ಮೇಲೆ.

ಮೌಲಾಲಿ ಮುನ್ನೂರು ಗಜ ಮೇಲೆ ಒಂದು ಬಂಡೆಯ ಹಿಂದೆ ಕೂತಿದ್ದ. ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬೆಂಕಿ ತಾನಾಗಿ ಆರಲು ಎರಡು ದಿನ ಬೇಕಾಯಿತು.

ತನಿಖೆಗೆ ಹೊರಗಿನಿಂದ ಅಧಿಕಾರಿಯೊಬ್ಬರು ಬಂದರು. ಗಣಿಯ ತರಬೇತಿ ಹಾಲಿನಲ್ಲಿ ಮೂರು ದಿನ ಹೇಳಿಕೆ ತೆಗೆದುಕೊಂಡರು. ಬ್ಯಾಟರಿ ಕಂಪನಿಯ ವಕೀಲರು, ಭಾನುವಾರ ಪ್ಲಗ್ ಕಿತ್ತದ್ದರಿಂದಲೇ ಬೆಂಕಿ ಹೊತ್ತಿರಬಹುದು ಎಂದರು. ಹೆಬಸೂರರು ಎದ್ದು ನಿಂತು, ಹುಲಿಗೆಮ್ಮ ಸಹಿ ಹಾಕದ ಬಂಡಿಯನ್ನು ಬಿಟ್ಟದ್ದು ತಾನೇ ಎಂದು ಹೇಳಿದರು. ಯಾರೂ ಕೇಳದೆಯೇ ಹೇಳಿದರು. ಮೂರನೇ ದಿನ ದುರುಗಪ್ಪನ ಸರದಿ. ವಕೀಲರು ಅವನನ್ನು ಒಂದೇ ಪ್ರಶ್ನೆ ಕೇಳಿದರು.

"ಮೂರು ವಾರದಿಂದ ವಾಸನೆ ಬರ್ತಿತ್ತು ಅಂತೀರಿ. ಒಂದೇ ಮನೆಯಲ್ಲಿ ಇರೋರು. ಬ್ಯಾಟರಿ ಕೆಟ್ಟದ್ದು ನಿಮ್ಮ ತಂಗಿಗೆ ಮೊದಲೇ ಗೊತ್ತಿತ್ತಲ್ಲವೇ?"

ಹಾಲಿನಲ್ಲಿ ಹುಲಿಗೆಮ್ಮ ಎರಡನೇ ಸಾಲಿನಲ್ಲಿದ್ದಳು. ಅಣ್ಣ ಅವಳ ಕಡೆ ನೋಡಿದ. ಬಹಳ ಹೊತ್ತು ನೋಡಿದ ಎಂದು ಅವಳಿಗೆ ಅನ್ನಿಸಿತು.

"ಇಲ್ಲ ಸಾಹೇಬ್ರ. ಗೊತ್ತಾಗಿದ್ದು ಭಾನುವಾರ. ಸೋಮವಾರ ನಿಲ್ಲಿಸಿದ್ಲು."

ಇಬ್ಬರೂ ಮನೆಗೆ ನಡೆದು ಬರುತ್ತಿದ್ದರು. ರಸ್ತೆಯ ಕೆಂಪು ಧೂಳು ಚಪ್ಪಲಿಗೆ ಅಂಟುತ್ತಿತ್ತು.

"ಅಲ್ಲಿ ಹೇಳಿದ್ದು ನಂಬಿ ಹೇಳಿದ್ಯಾ, ಅಣ್ಣಾ, ನನ್ನ ಉಳಿಸಾಕ ಹೇಳಿದ್ಯಾ?"

"ಟ್ರಂಕಿನ್ಯಾಗ ಏನು ಹುಡುಕ್ತಿದ್ದಿ ಅವತ್ತು?" ಎಂದ ದುರುಗಪ್ಪ.

ಅತ್ತಿಗೆ ಹೇಳಿದ್ದಾಳೆ. ಹುಲಿಗೆಮ್ಮ ನಿಂತುಬಿಟ್ಟಳು. "ಕೇಬಲ್," ಎಂದಳು. "ನೀ ಕದ್ದಿರಬೌದು ಅಂದ್ಕೊಂಡೆ."

"ಹೂಂ." ಅವನು ಸ್ವಲ್ಪ ಮುಂದೆ ಹೋಗಿ, ಅವಳು ಬರುವವರೆಗೆ ಕಾದ. "ನಿನ್ನ ಕಣ್ಣು ನೋಡಿ ಹೇಳೀನಿ, ಹುಲಿಗಿ. ನಂಬಿ ಹೇಳೀನಿ. ಆದ್ರ ಅವತ್ತು ನಂಬಿರಲಿಲ್ಲ. ನೀನೂ ನಂಬಿರಲಿಲ್ಲ. ಅದು ಆಗಿ ಹೋತು, ಇಲ್ಲ ಅನ್ನಾಕ ಬರಂಗಿಲ್ಲ."

ಉಳಿದ ಹನ್ನೊಂದು ಬಂಡಿಗಳನ್ನು ಎರಡು ತಿಂಗಳು ನಿಲ್ಲಿಸಿದರು. ಬಿಚ್ಚಿ ನೋಡಿದಾಗ ಇನ್ನೂ ಮೂರರಲ್ಲಿ ಬಿರುಕು ಸಿಕ್ಕಿತು. ಅವುಗಳ ಆರೋಗ್ಯವೂ ತೊಂಬತ್ತಾರರ ಮೇಲೆಯೇ ಇತ್ತು. ರಿಪೇರಿಯ ಕರೆಂಟಿಗೆ ಬೇರೆ ಮೀಟರ್ ಇಟ್ಟು, ಅದರ ಮುಳ್ಳನ್ನು ಚಾಲಕನ ಕಣ್ಣೆದುರಿಗೇ ಕೂರಿಸಿದರು. ಚಾಲಕ ಬೇಕೆಂದಲ್ಲಿ ಬಂಡಿ ನಿಲ್ಲಿಸಬಹುದು, ಕಾರಣ ಕೇಳುವಂತಿಲ್ಲ ಎಂಬ ಆದೇಶ ಬಂತು. ಆದೇಶ ಓದಿದ ಚಾಲಕರು ಆ ಮುಳ್ಳು ಸರಿಯಾಗಿ ತಿರುಗುತ್ತದೆ ಎಂದು ಯಾರು ಹೇಳಿದರು ಎಂದು ಕೇಳಿದರು. ಮೊದಲ ದಿನ ಯಾರೂ ಬಂಡಿ ಹತ್ತಲಿಲ್ಲ.

ಎರಡನೇ ದಿನ, ಕೆಲಸಕ್ಕೆ ಮರಳಿದ್ದ ದುರುಗಪ್ಪ ನಾಲ್ಕನೇ ಬಂಡಿಯ ಹತ್ತಿರ ಹೋಗಿ ಏಣಿ ಹಿಡಿದ. ಹುಲಿಗೆಮ್ಮ ಕೆಳಗೆ ನಿಂತು ಪರೀಕ್ಷೆ ಮುಗಿಸಿ, ಹಾಳೆ ಅವನ ಕೈಗೆ ಕೊಟ್ಟಳು. ಅವನು ಓದಲಿಲ್ಲ.

"ನೀನೂ ಹತ್ತು," ಎಂದ.

ಆರು ವರ್ಷ ಬ್ಯಾಟರಿಗಳಿಗೆ ಸಹಿ ಹಾಕಿದ್ದ ಹುಲಿಗೆಮ್ಮ ಒಂದು ದಿನವೂ ತುಂಬಿದ ಬಂಡಿಯಲ್ಲಿ ಗುಡ್ಡ ಇಳಿದವಳಲ್ಲ. ಯಾರೂ ಅವಳನ್ನು ಕರೆದಿರಲಿಲ್ಲ, ಅವಳಿಗೂ ತೋಚಿರಲಿಲ್ಲ. ಮೌಲಾಲಿಯೂ ಉಳಿದ ಚಾಲಕರೂ ಗೇಟಿನ ಹತ್ತಿರ ಗುಂಪಾಗಿ ನಿಂತು ನೋಡುತ್ತಿದ್ದರು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಮೆಟ್ಟಿಲು ಹತ್ತಿ, ಅಣ್ಣನ ಪಕ್ಕದ ಸೀಟಿನಲ್ಲಿ ಕೂತಳು. ನೆಲ ಎಲ್ಲೋ ಕೆಳಗೆ ಕಂಡಿತು.

ಮೇಲೆ ಅದಿರು ತುಂಬಿದಾಗ ಇಡೀ ಬಂಡಿ ಕುಸಿದು ಕೂತಿತು. ದುರುಗಪ್ಪ ಇಳಿಜಾರಿಗೆ ತಿರುಗಿಸಿದ. ನೂರು ಟನ್ ಭಾರ ಬೆನ್ನ ಹಿಂದೆ ಒತ್ತಿ ಬಂತು, ಮೋಟಾರುಗಳು ಅದನ್ನು ಹಿಡಿದುಕೊಂಡವು, ಕಾಲ ಕೆಳಗಿನ ಬ್ಯಾಟರಿ ತುಂಬತೊಡಗಿತು. ಹುಲಿಗೆಮ್ಮ ಎರಡು ಕೈಯಿಂದಲೂ ಸೀಟು ಹಿಡಿದುಕೊಂಡು ಹೊಸ ಮುಳ್ಳನ್ನು ನೋಡಿದಳು. ಅದು ಅಲುಗಲಿಲ್ಲ. ಅಷ್ಟಕ್ಕೇ ನಂಬಲು ಅವಳಿಗೆ ಆಗಲಿಲ್ಲ. ಬಗ್ಗಿ, ಕಾಲ ಕೆಳಗಿನ ತಗಡಿಗೆ ಕಿವಿ ಹತ್ತಿರ ತಂದಳು.

"ಕೇಳಸ್ತೈತಾ?" ಎಂದ ದುರುಗಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ.

"ಇಲ್ಲ. ನಿನಗ?"

"ನನಗೂ ಇಲ್ಲ."

ಹಾಗಂದರೂ ಇಬ್ಬರೂ ಗುಡ್ಡದ ಬುಡ ಮುಟ್ಟುವವರೆಗೆ ಕಿವಿಗೊಟ್ಟು ಕೂತಿದ್ದರು.